ಮೈಸೂರು ಸೈನ್ಯದ ಹಸಿರು ಅಂಗಿ

ನನಗೆ ಬೇಗ ಸಿಟ್ಟು ಬರುತ್ತದೆ ಎಂದು ನಮ್ಮ ಕಾಲೊನಿಯಲ್ಲಿ ಹೇಳಿಕೊಂಡು ತಿರುಗುವವರಿದ್ದಾರೆ. ಶುದ್ಧ ಸುಳ್ಳು. ನನಗೆ ಸಿಟ್ಟು ಬರುವುದಿಲ್ಲ. ಅದು ಯಾವಾಗಲೂ ಇದ್ದೇ ಇರುತ್ತದೆ. ಆದರೆ ಎಂಬತ್ತರ ದಶಕದ ಆರಂಭದಲ್ಲಿ, ಮುನ್ನೂರು ವರ್ಷ ಹಿಂದಿನ ಮೈಸೂರು ಸೈನಿಕರ ಅಂಗಿಯ ವಿಷಯದಲ್ಲಿ ನನಗೆ ಹತ್ತಿದ ಸಿಟ್ಟು ಬೇರೆಯದೇ ದರ್ಜೆಯದು. ಈಗ ನೆನೆದರೂ ಕಿವಿ ಬಿಸಿಯಾಗುತ್ತದೆ.

ಆಗ ನಾನು ಹೂಡಿಯ ಕಡೆಯ ಒಂದು ಸರ್ಕಾರಿ ಯಂತ್ರ ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್. ದಿನವಿಡೀ ಯಂತ್ರದ ಗೇರುಗಳ ನಕ್ಷೆ ಬಿಡಿಸುವುದು ನನ್ನ ಕೆಲಸ. ಹೊಸ ಯಂತ್ರ ಕೂರಿಸಲು ಬಂದಿದ್ದ ಇಂಗ್ಲೆಂಡಿನ ಎಂಜಿನಿಯರೊಬ್ಬ ವಾಪಸು ಹೋಗುವಾಗ ಗೆಸ್ಟ್ ಹೌಸಿನಲ್ಲಿ ಒಂದು ಕಟ್ಟು ಪತ್ರಿಕೆಗಳನ್ನು ಬಿಟ್ಟುಹೋದ. ಅದು ನನ್ನ ಕೈಗೆ ಬಿತ್ತು. ಅದರಲ್ಲಿ ತಲೆ ನೆರೆತ ಗಂಡಸರು ದೊಡ್ಡ ಮೇಜಿನ ಸುತ್ತ ನಿಂತು, ಬೆರಳುದ್ದದ ಸೀಸದ ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸಿ, ಸ್ಕೇಲಿನಲ್ಲಿ ಅಳೆದು ಮುಂದೆ ಸರಿಸುತ್ತ, ದಾಳ ಉರುಳಿಸಿ ಹಳೆಯ ಕಾಲದ ಯುದ್ಧಗಳನ್ನು ಆಡುತ್ತಿದ್ದರು. ಸುಮ್ಮನೆ ಆಟವಲ್ಲ. ಸಿಪಾಯಿಯ ಟೋಪಿ, ಅಂಗಿ, ಬಾವುಟ, ಕೋವಿ ಎಲ್ಲವೂ ಆ ಕಾಲದಲ್ಲಿ ಇದ್ದಂತೆಯೇ ಇರಬೇಕು. ಒಂದು ಗುಂಡಿಯ ಬಣ್ಣ ತಪ್ಪಾದರೂ ಮುಂದಿನ ಸಂಚಿಕೆಯಲ್ಲಿ ಓದುಗರು ಒಬ್ಬರನ್ನೊಬ್ಬರು ಹಿಗ್ಗಾಮುಗ್ಗಾ ಬೈದುಕೊಂಡಿರುತ್ತಿದ್ದರು. ಅಂಗಿಯ ಗುಂಡಿಗಾಗಿ ಜಗಳವಾಡುವ ಜನ ಜಗತ್ತಿನಲ್ಲಿ ಇದ್ದಾರೆ! ಅಷ್ಟು ದಿನ ನಾನೊಬ್ಬನೇ ಎಂದುಕೊಂಡಿದ್ದೆ.

ಪಕ್ಕದ ಕ್ವಾರ್ಟರ್ಸಿನ ಗುರುರಾಜನಿಗೂ ಈ ಹುಚ್ಚನ್ನು ನಾನೇ ಹಿಡಿಸಿದೆ. ಅಕೌಂಟ್ಸ್ ವಿಭಾಗದ ಮನುಷ್ಯ. ಮುಖದಲ್ಲಿ ಸದಾ ಒಂದು ಮುಗುಳ್ನಗು. ಅದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಮ್ಮ ಯುದ್ಧ ಯಾವುದೆಂದು ನಿಶ್ಚಯಿಸಿಕೊಂಡೆವು. ಹದಿನೇಳನೆಯ ಶತಮಾನದ ಕೊನೆ. ಬೆಂಗಳೂರಿನ ಕೋಟೆ ಮರಾಠರ ಕೈಯಲ್ಲಿದೆ. ಮೈಸೂರಿನವರು ಮುತ್ತಿಗೆ ಹಾಕುತ್ತಾರೆ. ಗುರುರಾಜ ಒಂದು ಕ್ಷಣವೂ ಯೋಚಿಸದೆ ಮರಾಠರನ್ನು ಆರಿಸಿಕೊಂಡ. ನಾನು ಎದೆ ತಟ್ಟಿಕೊಂಡು ಮೈಸೂರನ್ನು ಆರಿಸಿಕೊಂಡೆ. ಅಭಿಮಾನ ಬೇಡವೇ?

ಅವನ ಕುತಂತ್ರ ನನಗೆ ಆಮೇಲೆ ಅರ್ಥವಾಯಿತು. ಮರಾಠ ಸೈನಿಕರ ಚಿತ್ರ ಎಲ್ಲಿ ಬೇಕಾದರೂ ಸಿಗುತ್ತದೆ. ಕ್ಷೌರದಂಗಡಿಯ ಕ್ಯಾಲೆಂಡರಿನಲ್ಲಿ ಇದೆ, ಮಕ್ಕಳ ಚಿತ್ರಕಥೆಯಲ್ಲಿದೆ, ಸಿನಿಮಾ ಪೋಸ್ಟರಿನಲ್ಲಿದೆ. ಮೈಸೂರು ಸೈನಿಕನ ಚಿತ್ರ ಎಲ್ಲಿದೆ? ಎಲ್ಲಿಯೂ ಇಲ್ಲ!

ಗುರುರಾಜ ಒಂದು ಭಾನುವಾರ ಕಾಂಪೌಂಡಿನ ಮೇಲಿಂದ ಕತ್ತು ಚಾಚಿ ನಿಯಮ ಹೊರಡಿಸಿದ. "ನೋಡಿ ನಂಜುಂಡಯ್ಯನವ್ರೇ, ಫ್ಯಾಕ್ಟ್ರಿ ಫ್ಯಾಮಿಲಿ ಡೇ ದಿನ ಕ್ಯಾಂಟೀನ್ ಹಾಲ್‌ನಲ್ಲಿ ಎಲ್ಲರ ಮುಂದೆ ಯುದ್ಧ. ಆಧಾರ ಇಲ್ಲದ ಸಿಪಾಯಿ ಮೇಜಿನ ಮೇಲೆ ನಿಲ್ಲಂಗಿಲ್ಲ. ನಿಮ್ಮೋರು ನಿಲ್ಲದೇ ಇದ್ರೆ ಕೋಟೆ ನಂದೇ."

"ಆಧಾರ ತರ್ತೀನಿ ಕಣ್ರೀ! ನಿಮ್ಮ ಕ್ಯಾಲೆಂಡರ್ ಆಧಾರ ಅಲ್ಲ, ಅಸಲಿ ಆಧಾರ!" ಎಂದು ನಾನು ಕೂಗಿದ್ದು ಎದುರು ಸಾಲಿನ ಮನೆಗಳಿಗೂ ಕೇಳಿಸಿತು. ಮರುದಿನ ಕ್ಯಾಂಟೀನಿನಲ್ಲಿ ಎಲ್ಲರೂ ಅದನ್ನೇ ಕೇಳಿದರು. ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ. ಕೋಟೆ ಹೋದರೆ ನನ್ನ ಮಾನವೂ ಹೋದಂತೆ.

ಸಂಶೋಧನೆ ಶುರುವಾಯಿತು. ಗ್ರಂಥಾಲಯದಲ್ಲಿ ಶಾಸನಗಳ ಸಂಪುಟಗಳನ್ನು ಧೂಳು ಹೊಡೆದು ಓದಿದೆ. ಓದುತ್ತಾ ಓದುತ್ತಾ ರಕ್ತ ಕುದಿಯಿತು. ದಾನ ಕೊಟ್ಟ ಗದ್ದೆಗೆ ಮೂಡಲು ಯಾವ ಹುಣಸೆಮರ, ಪಡುವಲು ಯಾವ ಹಳ್ಳ, ತೆಂಕಲು ಯಾವ ಬಂಡೆ ಎಂದು ಅಚ್ಚುಕಟ್ಟಾಗಿ ಕೆತ್ತಿಸಿದ್ದಾರೆ. ಆ ಗದ್ದೆಯನ್ನು ಕಾಯಲು ಹೋಗಿ ಸತ್ತವನ ಅಂಗಿ ಯಾವ ಬಣ್ಣದ್ದು ಎಂದು ಒಂದು ಸಾಲು? ಇಲ್ಲ! ಕಲ್ಲು ಏನು ಕಡಿಮೆಯಾಗಿತ್ತೇ ಇವರಿಗೆ?

ಕೊನೆಗೆ ನಗರದ ಒಂದು ಕಾಲೇಜಿನ ಇತಿಹಾಸದ ಉಪನ್ಯಾಸಕರ ಬಳಿ ಹೋದೆ. ಅವರು ಕಾಫಿ ಕುಡಿಯುತ್ತಾ ಶಾಂತವಾಗಿ ಹೇಳಿದರು: "ಆ ಕಾಲದ ನಮ್ಮ ಸೈನ್ಯಗಳಿಗೆ ಸಮವಸ್ತ್ರ ಅಂತ ಇರ್ಲಿಲ್ಲ ಕಣ್ರೀ. ಅವರವರ ಮನೇಲಿ ಇದ್ದ ಬಟ್ಟೆ ಉಟ್ಕೊಂಡು ಬರೋರು."

"ಅದು ಹೇಗ್ರೀ ಸಾಧ್ಯ? ಡ್ರಾಯಿಂಗ್ ಇಲ್ದೆ ಸೈನ್ಯ ಮಾಡಿದ್ರಾ? ಹೊಡೆದಾಟದ ಮಧ್ಯೆ ನಮ್ಮೋನು ಯಾರು, ಅವ್ರೋನು ಯಾರು ಅಂತ ಹೇಗೆ ಗೊತ್ತಾಗ್ತಿತ್ತು?"

"ಹೊಡೆದ್ಮೇಲೆ ಗೊತ್ತಾಗ್ತಿತ್ತೇನೋ."

ನಾನು ಕಾಫಿ ಅರ್ಧಕ್ಕೇ ಬಿಟ್ಟು ಎದ್ದುಬಂದೆ. ಒಂದು ನಟ್ಟಿಗೂ ನಕ್ಷೆ, ನಂಬರು, ಸಹಿ ಬೇಕು ಎನ್ನುವ ಕಾರ್ಖಾನೆಯಲ್ಲಿ ಬೆಳೆದವನು ನಾನು. ಮನೆಯ ಬಟ್ಟೆ ಉಟ್ಟುಕೊಂಡು ಬರಲು ಅದೇನು ಸೈನ್ಯವೇ, ತರಕಾರಿ ಸಂತೆಯೇ? ಆ ಮನುಷ್ಯನ ಸೋಮಾರಿತನದ ಬಗ್ಗೆ ಬಸ್ಸಿನಲ್ಲಿ ಪಕ್ಕ ಕುಳಿತವರಿಗೆ ವಿವರವಾಗಿ ತಿಳಿಸಿದೆ. ಅವರು ಬೇರೆ ಸೀಟಿಗೆ ಹೋದರು.

ಹೀಗಿರುವಾಗ ಒಂದು ಬೆಳಿಗ್ಗೆ ನನ್ನ ಹೆಂಡತಿ ಸರೋಜ ರಾಗಿ ಬೀಸಿಸಿಕೊಂಡು ಬರಲು ಕಳಿಸಿದಳು. ಹೂಡಿಯಿಂದ ಆಚೆ ಒಂದು ಹಳ್ಳಿಯ ಹತ್ತಿರ ಸೈಕಲ್ ಪಂಕ್ಚರ್ ಆಯಿತು. ಸೈಕಲ್ಲಿಗೆ ಬೈಯುತ್ತಾ ತಲೆ ಎತ್ತಿದರೆ, ಅರಳಿಕಟ್ಟೆಯ ಪಕ್ಕದಲ್ಲಿ ಎದೆಯೆತ್ತರದ ವೀರಗಲ್ಲು! ಯುದ್ಧದಲ್ಲಿ ಸತ್ತವರ ನೆನಪಿಗೆ ನಿಲ್ಲಿಸುವ ಅಂಥ ಕಲ್ಲುಗಳು ನಮ್ಮ ಕಡೆ ಅಪರೂಪವಲ್ಲ. ಆದರೆ ಈ ಕಲ್ಲಿನ ಮೇಲೆ ಬಣ್ಣವಿತ್ತು. ಕೆತ್ತನೆ ಸವೆದಿತ್ತು, ಬಣ್ಣ ಮಾತ್ರ ಫಳಫಳ. ವೀರನಿಗೂ ಅವನ ಹಿಂದಿನ ಸಿಪಾಯಿಗಳಿಗೂ ಒಂದೇ ಹಸಿರು ಅಂಗಿ.

ಸಮವಸ್ತ್ರ! ನನ್ನ ಕಣ್ಣಲ್ಲಿ ನೀರು ಬಂತು.

ಅಂಗಿಯ ಎದೆಯ ಎರಡೂ ಕಡೆ ಚೌಕಾಕಾರದ ಪುಟ್ಟ ಚೀಲಗಳಿದ್ದವು. ಮದ್ದಿನ ಚೀಲ ಎಂದು ಬರೆದುಕೊಂಡೆ. ಒಂದು ಚೀಲದಿಂದ ಬೆಳ್ಳಿ ಬಣ್ಣದ ಕಡ್ಡಿಯೊಂದು ಇಣುಕುತ್ತಿತ್ತು. ಆ ಕಾಲದ ಕೋವಿಯ ನಳಿಗೆಗೆ ಮದ್ದು ತುರುಕಿ, ಬತ್ತಿ ಹಚ್ಚಿ ಸಿಡಿಸಬೇಕಿತ್ತಷ್ಟೆ. ಇದು ಮದ್ದು ಗಿಡಿಯುವ ಕಡ್ಡಿ ಎಂದು ಬರೆದುಕೊಂಡೆ. ಬಾವುಟದ ನಡುವೆ ಸುತ್ತಲೂ ಹಲ್ಲಿರುವ ಒಂದು ಚಕ್ರ. ಹಲ್ಲುಗಳನ್ನು ಜ್ವಾಲೆಗಳೆಂದು ಗುರುತಿಸಿ, ವಿಷ್ಣುವಿನ ಸುದರ್ಶನ ಚಕ್ರ ಎಂದು ದಪ್ಪ ಅಕ್ಷರದಲ್ಲಿ ಬರೆದುಕೊಂಡೆ. ಅಂಗಿಯ ಜೇಬಿನಲ್ಲಿದ್ದ ನನ್ನ ಸ್ಟೀಲ್ ಸ್ಕೇಲನ್ನು ತೆಗೆದು ಇಡೀ ಕಲ್ಲನ್ನು ಅಳೆಯತೊಡಗಿದೆ.

ಹೆಗಲ ಮೇಲೆ ಟವೆಲ್ ಹಾಕಿಕೊಂಡ ಹಿರಿಯರೊಬ್ಬರು ಓಡಿಬಂದರು. "ಏನ್ ಸಾಮಿ ಅದು, ಮತ್ತೆ ಅಳೀತಾ ಇದೀರಾ? ಹೊಲ ಎಲ್ಲಾ ಫ್ಯಾಕ್ಟ್ರಿಗೆ ತಗೊಂಡಾಯ್ತು, ಈಗ ಕಲ್ಲೂ ಬೇಕಾ ನಿಮ್ಗೆ?"

ಅವರು ಮುನಿಶಾಮಪ್ಪ, ಊರಿನ ಯಜಮಾನರು. ನನ್ನ ಉದ್ದೇಶ ವಿವರಿಸಿ ಸಮಾಧಾನ ಮಾಡಿದೆ. "ಯಜಮಾನ್ರೇ, ಇದು ಎಷ್ಟು ಹಳೇದು?"

"ಬೋ ಅಳೇದು ಸಾಮಿ. ನಮ್ ತಾತನ ತಾತನ ಕಾಲಕ್ಕೂ ಮುಂಚೆಯಿಂದ್ಲೂ ಇಂಗೇ ನಿಂತೈತೆ."

"ಇವ್ರೆಲ್ಲಾ ಯುದ್ಧದಲ್ಲಿ ಸತ್ತೋರಾ?"

"ಊ ಮತ್ತೆ. ನಮ್ ವಂಸದೋರೇ."

ನನಗೆ ಇಷ್ಟು ಸಾಕಾಯಿತು. ಇದಕ್ಕಿಂತ ಹೆಚ್ಚು ಕೇಳುವವನು ಅನುಮಾನದ ಪಿಶಾಚಿ. ಪಂಕ್ಚರ್ ಸೈಕಲ್ಲನ್ನು ತಳ್ಳಿಕೊಂಡು ಹಾಡುತ್ತಾ ಮನೆಗೆ ಬಂದೆ. ರಾಗಿ ಅರಳಿಕಟ್ಟೆಯ ಮೇಲೆಯೇ ಉಳಿಯಿತು.

ಇನ್ನು ಸೈನ್ಯದ ತಯಾರಿ. ಟೂಲ್ ರೂಮಿನಲ್ಲಿ ಊಟದ ಬಿಡುವಿನಲ್ಲಿ ಅಚ್ಚು ಕೊರೆದೆ. ಫೌಂಡ್ರಿಯ ಮೂಲೆಯಲ್ಲಿ ಬಿದ್ದಿದ್ದ ಸೀಸದ ಚೂರುಗಳನ್ನು ತಂದು ಸರೋಜಳ ಹಾಲಿನ ಪಾತ್ರೆಯಲ್ಲಿ ಕರಗಿಸಿದೆ. ಅದರಿಂದ ಮನೆಯಲ್ಲಿ ಒಂದು ಚಿಕ್ಕ ಯುದ್ಧ ಮೊದಲೇ ನಡೆದುಹೋಯಿತು. ಸೋತವರು ಯಾರೆಂದು ಹೇಳಬೇಕಾಗಿಲ್ಲ. ಸಿಪಾಯಿಗಳು ಸಾಲುಸಾಲಾಗಿ ಹುಟ್ಟಿದರು. ಆದರೆ ಹಸಿರು ಮಾತ್ರ ಕೂಡಲಿಲ್ಲ. ಸಿಟಿ ಮಾರ್ಕೆಟ್ಟಿನಿಂದ ಬಣ್ಣದ ಪುಟ್ಟ ಡಬ್ಬಿಗಳನ್ನು ತಂದು ಕಲಸಿದೆ. ಒಮ್ಮೆ ಪಾಚಿಯಂತಾಯಿತು, ಒಮ್ಮೆ ಪುದೀನ ಚಟ್ನಿಯಂತಾಯಿತು. ಬಣ್ಣದಂಗಡಿಯವನಿಗೆ ಅವನ ಕಸುಬಿನ ಬಗ್ಗೆ ನಾಲ್ಕು ಮಾತು ಹೇಳಿ ಬಂದೆ.

ಆಮೇಲೊಂದು ದಿನ ಕಾರ್ಖಾನೆಯ ಅಸೆಂಬ್ಲಿ ವಿಭಾಗದಲ್ಲಿ ನಡೆದುಹೋಗುತ್ತಿದ್ದೆ. ಆಗತಾನೇ ಬಣ್ಣ ಹೊಡೆಸಿಕೊಂಡು ಒಣಗುತ್ತಿದ್ದ ಲೇತ್ ಯಂತ್ರವೊಂದು ಎದುರಿಗೆ ನಿಂತಿತ್ತು. ನಾನೂ ನಿಂತೆ. ಅದೇ ಹಸಿರು! ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ! ಟಿಫನ್ ಕ್ಯಾರಿಯರಿನ ಮೇಲಿನ ಡಬ್ಬಿಯಲ್ಲಿ ಸ್ವಲ್ಪ ತುಂಬಿಕೊಂಡು ಬಂದೆ. ಕುಂಚವೂ ಅಲ್ಲೇ ಇತ್ತು; ಅದನ್ನು ಯಾಕೆ ಬಿಟ್ಟು ಬರಲಿ?

ಈ ಹೊಂದಾಣಿಕೆ ಹೇಗಾಯಿತು ಎಂಬ ಪ್ರಶ್ನೆ ನನಗೆ ಬರಲಿಲ್ಲ ಎಂದು ತಿಳಿಯಬೇಡಿ. ಬಂತು. ಅದಕ್ಕೆ ಉತ್ತರವನ್ನೂ ಕಂಡುಹಿಡಿದೆ. ಕಾರ್ಖಾನೆ ಕಟ್ಟಿದ ಹಿರಿಯ ಎಂಜಿನಿಯರುಗಳು ಹಳೇ ಮೈಸೂರು ಸೀಮೆಯವರು. ಮೈಸೂರು ಸೈನ್ಯದ ಬಣ್ಣ ಅವರಿಗೇ ತಿಳಿಯದಂತೆ ಅವರ ರಕ್ತದಲ್ಲಿ ಹರಿದುಬಂದು ಲೇತುಗಳ ಮೇಲೆ ಪ್ರಕಟವಾಗಿದೆ! ಈ ಸಿದ್ಧಾಂತವನ್ನು ದೊಡ್ಡ ಚಾರ್ಟಿನ ಮೇಲೆ ಇಂಡಿಯನ್ ಇಂಕಿನಲ್ಲಿ ಬರೆದೆ.

ಸರೋಜ ಬಣ್ಣ ಹಚ್ಚಿದ ಒಬ್ಬ ಸಿಪಾಯಿಯನ್ನು ಎತ್ತಿ ನೋಡಿದಳು. "ರೀ, ಇದು ನಮ್ಮ ಕಾಲೊನಿ ಬಣ್ಣ ಅಲ್ವಾ? ಎದುರು ಮನೆ ಗೇಟು, ಗುರುರಾಜ್ ಅವ್ರ ಮನೆ ಮಂಚ, ನಮ್ಮ ಬಚ್ಚಲುಮನೆ ಸ್ಟೂಲು... ಎಲ್ಲಾ ಇದೇ ತಾನೆ?"

"ಸರೋಜಾ, ಇದು ಮುನ್ನೂರು ವರ್ಷದ ಬಣ್ಣ! ನೀನು ಇತಿಹಾಸ ಓದಿದೀಯಾ?"

"ಇಲ್ಲ. ಸ್ಟೂಲು ನೋಡಿದೀನಿ."

ಅಜ್ಞಾನಿಗಳ ಜೊತೆ ವಾದ ಮಾಡಬಾರದೆಂದು ಎದ್ದು ಹೋಗಿ ಸ್ನಾನ ಮಾಡಿದೆ. ಸ್ಟೂಲಿನ ಮೇಲೆಯೇ ಕೂತಿದ್ದೆ.

ಫ್ಯಾಮಿಲಿ ಡೇ ಬಂತು. ವರ್ಷಕ್ಕೊಮ್ಮೆ ಆ ದಿನ ಮಾತ್ರ ಮನೆಮಂದಿಯನ್ನೆಲ್ಲ ಕಾರ್ಖಾನೆಯ ಒಳಗೆ ಬಿಡುತ್ತಾರೆ. ಕ್ಯಾಂಟೀನ್ ಹಾಲಿನಲ್ಲಿ ಟೇಬಲ್ ಟೆನಿಸ್ ಮೇಜಿನ ಮೇಲೆ ರಟ್ಟಿನ ಕೋಟೆ ಎದ್ದು ನಿಂತಿತು. ಒಳಗೆ ಗುರುರಾಜನ ಮರಾಠರು, ಕ್ಯಾಲೆಂಡರಿನಿಂದ ಇಳಿದುಬಂದಂತೆ. ಹೊರಗೆ ಹಸಿರು ಅಂಗಿಯ ನನ್ನ ಮೈಸೂರು ಸೈನ್ಯ, ಜೇಬು ಜೇಬಿನಲ್ಲೂ ಮದ್ದು ಗಿಡಿಯುವ ಕಡ್ಡಿ! ಮೈಸೂರು ಪಾಕಿನ ಪೊಟ್ಟಣ ಹಿಡಿದ ಜನ ಮೇಜಿಗೆ ಮುತ್ತಿಗೆ ಹಾಕಿದರು.

ಗುರುರಾಜ ನನ್ನ ಬಾವುಟದ ಹತ್ತಿರ ಕಣ್ಣು ಒಯ್ದ. "ಇದೇನ್ರೀ?"

"ಸುದರ್ಶನ ಚಕ್ರ."

"ಹಲ್ಲಿದೆಯಲ್ರೀ?"

"ಹಲ್ಲಲ್ಲ ಕಣ್ರೀ, ಜ್ವಾಲೆ! ಚಾರ್ಟ್ ಓದಿ ಮೊದ್ಲು!"

ಆಗ ಜನ ದಾರಿ ಬಿಟ್ಟರು. ಕಾರ್ಖಾನೆಯ ಸೆಕ್ಯೂರಿಟಿ ಆಫೀಸರ್ ಬಂದರು. ಮಿಲಿಟರಿಯಿಂದ ನಿವೃತ್ತರಾಗಿ ಬಂದವರು. ಎಲ್ಲರೂ ಅವರನ್ನು ಮೇಜರ್ ಸಾಹೇಬರೆಂದೇ ಕರೆಯುತ್ತಿದ್ದರು. ಯುದ್ಧ ತಿಳಿದ ಒಬ್ಬರಾದರೂ ಬಂದರಲ್ಲ ಎಂದು ನನ್ನ ಎದೆ ಉಬ್ಬಿತು. ಅವರು ಒಬ್ಬ ಸಿಪಾಯಿಯನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು.

"ಚೆನ್ನಾಗಿದೆ. ಬಣ್ಣ ಎಲ್ಲಿಂದ ಬಂತು?"

"ಸಾವಿರದ ಆರುನೂರ ಎಂಬತ್ತರಿಂದ ಸಾರ್!"

"ನಾನು ಕೇಳಿದ್ದು ಅದಲ್ಲ. ಇದು ನಮ್ಮ ಮೆಷಿನ್ ಪೇಂಟು. ಇದು ಹೊರಗೆ ಹೇಗೆ ಹೋಯ್ತು?"

ಸುತ್ತಲಿನ ಜನ ಮೈಸೂರು ಪಾಕ್ ಅಗಿಯುವುದನ್ನು ನಿಲ್ಲಿಸಿದರು. ಕಾರ್ಖಾನೆಯ ಸಾಮಾನು ಹೊರಗೆ ಸಾಗಿಸಿದವರು ಕೆಲಸ ಕಳೆದುಕೊಂಡ ಉದಾಹರಣೆಗಳಿದ್ದವು. ಬುದ್ಧಿಯಿದ್ದ ಯಾವನೇ ಆಗಲಿ ಅಲ್ಲಿ ತಲೆ ತಗ್ಗಿಸಿ 'ತಪ್ಪಾಯಿತು ಸಾರ್' ಎನ್ನುತ್ತಿದ್ದ. ಆದರೆ ನನಗೆ ಆಗಲೇ ನೆತ್ತಿಗೇರಿತ್ತು. ನನ್ನ ಸಂಶೋಧನೆಯನ್ನು ಮೆಷಿನ್ ಪೇಂಟು ಎನ್ನುತ್ತಾರೆಯೇ?

"ಸಾರ್, ಇದು ಮೈಸೂರು ಸೈನ್ಯದ ಬಣ್ಣ! ಹೊರಗಡೆ ಒಂದು ಹಳ್ಳೀಲಿ ಕಲ್ಲಿನ ಮೇಲೆ ಶತಮಾನಗಳಿಂದ ಇದೆ! ನಂಬಿಕೆ ಇಲ್ದಿದ್ರೆ ಬನ್ನಿ, ಈಗ್ಲೇ ತೋರಿಸ್ತೀನಿ! ಗುರುರಾಜ್, ನೀವೂ ಬನ್ನಿ!"

ಸರೋಜ ನನ್ನ ತೋಳು ಹಿಡಿದು ಎಳೆದಳು. "ರೀ, ಸುಮ್ನಿರ್ರೀ." ನಾನು ಕೊಸರಿಕೊಂಡು ಮೇಜರ್ ಸಾಹೇಬರ ಜೀಪು ಹತ್ತಿದೆ.

ದಾರಿಯುದ್ದಕ್ಕೂ ನಾನೊಬ್ಬನೇ ಮಾತನಾಡಿದೆ. ಹಳ್ಳಿ ತಲುಪಿ ಕಲ್ಲಿನ ಮುಂದೆ ಜೀಪು ನಿಂತಾಗ, ತೀರ್ಪು ಕೊಡುವ ನ್ಯಾಯಾಧೀಶನ ಠೀವಿಯಲ್ಲಿ ಕೈ ಚಾಚಿದೆ. "ನೋಡಿ!"

ಮೇಜರ್ ನೋಡಿದರು. ಗುರುರಾಜ ನೋಡಿದ. ಅಷ್ಟರಲ್ಲಿ ಮುನಿಶಾಮಪ್ಪನವರು ಬಂದು ಕೈ ಮುಗಿದರು. ನನಗಲ್ಲ.

"ನಮಸ್ಕಾರ ಮೇಜರ್ ಸಾಯೇಬ್ರೇ! ಈ ಸಲದ ಬಣ್ಣ ಬೋ ಸೆಂದಾಗಿ ಕೂತೈತೆ. ನೋಡಿ, ಎಂಗೆ ಒಳೀತೈತೆ!"

ನನ್ನ ಚಾಚಿದ ಕೈ ಚಾಚಿದಂತೆಯೇ ಉಳಿಯಿತು.

"ಯಜಮಾನ್ರೇ," ಎಂದೆ. "ಇದು ತಾತನ ತಾತನ ಕಾಲದ್ದು ಅಂದ್ರಲ್ಲಾ?"

"ಕಲ್ಲು ಸಾಮಿ! ನೀವು ಕಲ್ಲು ತಾನೇ ಕೇಳಿದ್ದು? ಬಣ್ಣ ವರ್ಸಾ ವರ್ಸಾ ಅಬ್ಬಕ್ಕೆ ಒಡಿಸ್ತೀವಿ. ನಮ್ ತಮ್ಮನ ಮಗ ನಿಮ್ ಫ್ಯಾಕ್ಟ್ರೀಲೇ ಅವ್ನೆ, ಚಿತ್ರ ಬರೆಯೋದ್ರಲ್ಲಿ ಎತ್ತಿದ ಕೈ. ಬಟ್ಟೆ ಬರೆಯೋಕೆ ಅವ್ನಿಗೆ ಗೊತ್ತಿರೋದು ನಿಮ್ ಯೂನಿಫಾರಮ್ಮೇ ಅಲ್ವಾ? ಬಾವುಟಕ್ಕೂ ನಿಮ್ ಗೇಟ್ ಮೇಲಿರೋ ಚಕ್ರಾನೇ ಇಟ್ಟವ್ನೆ."

ಗೇರು. ದಿನಕ್ಕೆ ಎಂಟು ಗಂಟೆ ನಾನು ಬಿಡಿಸುವ ಗೇರು. ಮೇಜರ್ ಸಾಹೇಬರು ಕಲ್ಲಿನ ಮೇಲಿನ ವೀರನ ಜೇಬನ್ನು ನೋಡಿದರು. ಆಮೇಲೆ ನನ್ನ ಜೇಬನ್ನು ನೋಡಿದರು. ಎರಡರಿಂದಲೂ ಒಂದೇ ಥರದ ಸ್ಟೀಲ್ ಸ್ಕೇಲ್ ಇಣುಕುತ್ತಿತ್ತು. ಗುರುರಾಜ ಜೀಪಿನ ಹಿಂದೆ ಹೋಗಿ ಬಾಯಿಗೆ ಕರವಸ್ತ್ರ ತುರುಕಿಕೊಂಡ.

ಮುಳುಗುವವನು ಕೈಗೆ ಸಿಕ್ಕಿದವರನ್ನು ಹಿಡಿದುಕೊಳ್ಳುತ್ತಾನೆ. ನಾನೂ ಕೂಗಿದೆ: "ಹಾಗಿದ್ರೆ ಇವ್ರನ್ನೂ ಕೇಳಿ ಸಾರ್! ಫ್ಯಾಕ್ಟ್ರಿ ಪೇಂಟು ಇವ್ರ ಊರಿಗೆ ಹೇಗೆ ಬಂತು? ನನ್ನೊಬ್ಬನ್ನೇ ಯಾಕೆ ಕೇಳ್ತೀರಾ?"

"ಇವ್ರಿಗೆ ನಾನೇ ಕೊಡೋದು," ಎಂದರು ಮೇಜರ್, ತಣ್ಣಗೆ. "ಫ್ಯಾಕ್ಟ್ರಿ ನಿಂತಿರೋದು ಇವ್ರ ಹೊಲದ ಮೇಲೆ. ಹಬ್ಬಕ್ಕೆ ಒಂದು ಡಬ್ಬ ಮಿಕ್ಕಿದ ಪೇಂಟು ಕೊಡಬೇಕು ಅಂತ ಮ್ಯಾನೇಜ್‌ಮೆಂಟ್ ಆರ್ಡರ್ ಇದೆ. ಪ್ರತಿ ಡಬ್ಬಕ್ಕೂ ಗೇಟ್ ಪಾಸ್ ಇದೆ, ನನ್ನ ಸಹಿ ಇದೆ. ಈಗ ನಿಮ್ಮದು ತೋರಿಸಿ."

ಆ ಕಲ್ಲಿಗೂ ಗೇಟ್ ಪಾಸ್ ಇತ್ತು! ನಾನು ನಿರಪರಾಧಿ ಎಂದು ಸಾಧಿಸಲು ಸಾಕ್ಷಿಗಳನ್ನು ಜೀಪಿನಲ್ಲಿ ಕೂರಿಸಿಕೊಂಡು ಬಂದು, ಇಡೀ ಸೀಮೆಯಲ್ಲಿ ಕಳ್ಳ ನಾನೊಬ್ಬನೇ ಎಂದು ಸಾಧಿಸಿ ತೋರಿಸಿದ್ದೆ.

ಕ್ಯಾಂಟೀನಿಗೆ ವಾಪಸು ಬಂದೆವು. ಮೇಜರ್ ನನ್ನ ಸೇನಾಪತಿಯನ್ನು ಎತ್ತಿಕೊಂಡರು. ಸರೋಜ ಮೂಲೆಯಲ್ಲಿ ನಿಂತಿದ್ದಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ. ನನ್ನ ಸಂಬಳದ ಮೇಲೆ ನಡೆಯುವ ಮನೆ ಅವಳದು. ಆಗ ಮೊದಲ ಬಾರಿಗೆ ನನಗೆ ಕೋಟೆ ಮರೆತು ಭಯವಾಯಿತು.

"ಪೇಂಟು ನಮ್ಮದು. ಸೀಸ ಎಲ್ಲಿದು?"

"ಫೌಂಡ್ರೀದು ಸಾರ್."

"ಅಚ್ಚು?"

"ಟೂಲ್ ರೂಮಲ್ಲಿ..."

"ಬ್ರಷ್ಷು?"

ಅದರ ಹಿಡಿಯ ಮೇಲೆ ಕಾರ್ಖಾನೆಯ ಹೆಸರೇ ಇತ್ತು.

ಮೇಜರ್ ಸರೋಜಳ ಕಡೆ ಒಮ್ಮೆ ನೋಡಿ ದೀರ್ಘವಾಗಿ ಉಸಿರು ಬಿಟ್ಟರು. "ಇವತ್ತು ಫ್ಯಾಮಿಲಿ ಡೇ. ಮನೆಯವ್ರ ಮುಂದೆ ಮೆಮೋ ಕೊಡಲ್ಲ. ಆದ್ರೆ ಈ ಸೈನ್ಯ ಇಲ್ಲೇ ಇರತ್ತೆ, ಸ್ಕ್ರಾಪ್ ಯಾರ್ಡಿಗೆ ಹೋಗತ್ತೆ. ಇದ್ರಲ್ಲಿ ನಿಮ್ದು ಅನ್ನೋದು ಏನಾದ್ರೂ ಇದ್ರೆ ಹೇಳಿ, ಕೊಡ್ತೀನಿ."

ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಗುರುರಾಜ ಕೋಟೆಯ ಬುರುಜಿನ ಮೇಲೆ ಮೊಣಕೈ ಊರಿ ಅದೇ ಮುಗುಳ್ನಗು ನಗುತ್ತಿದ್ದ. ಅದು ಕಣ್ಣಿಗೆ ಬಿದ್ದು ಮತ್ತೆ ಉರಿದುಹೋಯಿತು.

"ಇದೆ ಸಾರ್!" ಎಂದೆ, ಎದೆ ಸೆಟೆಸಿ. "ಸಂಶೋಧನೆ ನಂದು!"

ಮೇಜರ್ ಸಾಹೇಬರು ನನ್ನ ಚಾರ್ಟನ್ನು ಮೇಲಿಂದ ಕೆಳಗಿನವರೆಗೆ ಓದಿದರು. ರಕ್ತದಲ್ಲಿ ಹರಿದುಬಂದ ಬಣ್ಣದ ಸಾಲನ್ನು ಎರಡು ಸಲ ಓದಿದರು. ಆಮೇಲೆ ಅದನ್ನು ಅಚ್ಚುಕಟ್ಟಾಗಿ ಸುರುಳಿ ಸುತ್ತಿ ನನ್ನ ಕೈಗಿಟ್ಟರು.

"ಇದನ್ನ ಧಾರಾಳವಾಗಿ ತಗೊಂಡು ಹೋಗಿ. ಇದಕ್ಕೆ ಗೇಟ್ ಪಾಸ್ ಬೇಕಿಲ್ಲ."

ಕಾರ್ಖಾನೆಯಿಂದ ಹೊರಗೆ ಹೋಗುವವರನ್ನು ತಡವಿ ನೋಡುವುದು ನಮ್ಮಲ್ಲಿ ನಿಯಮ. ಗೇಟಿನ ಕಾವಲುಗಾರ ನನ್ನ ಸುರುಳಿಯನ್ನು ಬಿಚ್ಚಿಸಿ, ಹಿಂದೆ ಮುಂದೆ ತಿರುಗಿಸಿ, ಉಲ್ಟಾ ಹಿಡಿದು ಕೊಂಚ ಹೊತ್ತು ಪರೀಕ್ಷಿಸಿದ. ಒಳಗಿನ ತನ್ನ ಜೊತೆಗಾರನಿಗೆ ಕೂಗಿ ಹೇಳಿದ:

"ಬಿಡಣ್ಣ, ಏನೂ ಇಲ್ಲ ಇದ್ರಲ್ಲಿ."